ಗಣಕ ಕೊಳ್ಳುವ ಮುನ್ನ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಪಾಲಕರೇ, ಮಕ್ಕಳ ಓದಿಗೆಂದು ಹಳೆಯ ಗಣಕಯಂತ್ರ ಕೊಳ್ಳುವಾಗ ಬೆಲೆಯ ಜೊತೆಗೆ ವಿಂಡೋಸ್‌ನ ಪರವಾನಗಿಯನ್ನೂ ವಿಚಾರಿಸಿರಿ. ‘ಕ್ರ್ಯಾಕ್ ಹಾಕಿ ಪುಕ್ಕಟೆ ನಡೆಸಿಕೊಡುತ್ತೇವೆ’ ಎಂದರೆ ಬೇಡವೆನ್ನಿರಿ. ಅದೇ ಕಿಂಡಿಯಿಂದ ವೈರಸ್ ನುಗ್ಗಿ ಮಗುವಿನ ಟಿಪ್ಪಣಿಯನ್ನು ಕೆಡಿಸೀತು, ನಿಮ್ಮ ಬ್ಯಾಂಕಿನ ಗುಟ್ಟನ್ನು ಕದ್ದೀತು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಹಾಕಲು ಕನಿಷ್ಠ 4 ಜಿಬಿ ರ್‍ಯಾಮ್, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಅನೇಕ ಹಳೆಯ ಯಂತ್ರಗಳಲ್ಲಿ ಎರಡನೆಯದು ಇರುವುದಿಲ್ಲ. ಅಂಥವುಗಳಿಗೆ ಲಿನಕ್ಸ್ ಮಿಂಟ್‌ನಂಥವು ಉಂಟು: ಕೀಲಿಸಂಖ್ಯೆ ಬೇಡ, ಕಾಸು ಬೇಡ, ಕನ್ನಡವೂ ಮೂಡುತ್ತದೆ.

ವಿದ್ಯಾರ್ಥಿಗಳೇ, ಹೊಸದನ್ನು ಹಾಕುವ ಮುನ್ನ ಕಡತಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿರಿ. ನಡುವೆ ಕರೆಂಟು ಹೋದರೆ ಕೆಲಸ ಕೆಟ್ಟೀತು; ಯುಪಿಎಸ್ ಇರಲಿ.