ಆ ತಂತಿ ನಿಮಗೇನು ಮಾಡಿತ್ತು?

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ದಿನ ನನ್ನನ್ನು ಟ್ಯಾಗ್ ಮಾಡಿ ಒಂದು ಫೋಟೊ ಬಂತು. ಟೆರೇಸಿನ ಎರಡು ಮೂಲೆಯಲ್ಲಿ ಎರಡು ಪಿವಿಸಿ ಪೈಪು, ಅವುಗಳ ನಡುವೆ ಒಂದು ತಂತಿ. ಫೋಟೊದಲ್ಲಿ ತಂತಿ ಸರಿಯಾಗಿ ಕಾಣಿಸ್ತಾನೂ ಇರಲಿಲ್ಲ. ಅದಕ್ಕೇ ಯಾರೋ ಪುಣ್ಯಾತ್ಮರು ಅದರ ಮೇಲೆ ಕೆಂಪು ಗೆರೆ ಎಳೆದು ತೋರಿಸಿದ್ದರು. ಕೆಳಗೆ ಒಂದರ ಹಿಂದೊಂದು ಮೆಸೇಜು. ಇದೇನು? ಯಾರ ಪರ್ಮಿಷನ್? ರೇಡಿಯೇಷನ್ ಬರಲ್ವಾ? ಬಿಲ್ಡಿಂಗಲ್ಲಿ ಮಕ್ಕಳಿದ್ದಾರೆ. ಒಬ್ಬರಂತೂ 'ಪೊಲೀಸ್ ಕಂಪ್ಲೇಂಟ್ ಕೊಡೋದು ಬೆಟರ್' ಅಂತ ಸಲಹೆಯನ್ನೂ ಕೊಟ್ಟರು. ಎರಡು ದಿನಕ್ಕೆ ಅಸೋಸಿಯೇಷನ್ ನೋಟೀಸು ಬಂತು: ಒಂದು ವಾರದೊಳಗೆ ತೆಗೆಯಬೇಕು.

ತೆಗೆದೆ. ತೆಗೆಯುವ ಮುಂಚೆ ವಿವರಿಸೋಕೆ ನೋಡಿದೆ. ಅದು ಡೈಪೋಲ್ ಆಂಟೆನಾ. ಏಳು ಮೆಗಾಹರ್ಟ್ಸ್‌ನಲ್ಲಿ ಮಾತಾಡೋಕೆ ಸುಮಾರು 20 ಮೀಟರ್ ತಂತಿ ಬೇಕು, ಅಷ್ಟೇ. ನಿಮ್ಮ ಬಟ್ಟೆ ಒಣಗಿಸುವ ಹಗ್ಗಕ್ಕಿಂತ ತೆಳ್ಳಗಿದೆ. ನಾನು ಬಟನ್ ಒತ್ತಿ ಮಾತಾಡಿದಾಗ ಮಾತ್ರ ಅದರಲ್ಲಿ 20 ವ್ಯಾಟ್ ಹೋಗುತ್ತೆ, ಹಳೇ ಕಾಲದ 60 ವ್ಯಾಟ್ ಬಲ್ಬಿನ ಮೂರನೇ ಒಂದು ಭಾಗ. ಅದನ್ನು ಯಾರೂ ಮುಟ್ಟಬಾರದು ಅಂತಲೇ ಅಷ್ಟು ಎತ್ತರಕ್ಕೆ ಕಟ್ಟಿರೋದು. ಲೈಸೆನ್ಸ್ ಇದೆ, ಕೇಂದ್ರ ಸರ್ಕಾರ ಕೊಟ್ಟಿದ್ದು, ನೋಡಿ ಸ್ವಾಮಿ. ಯಾರೂ ನೋಡಲಿಲ್ಲ.

ತಮಾಷೆ ಏನು ಅಂದ್ರೆ, ಇದೇ ಅಪಾರ್ಟ್‌ಮೆಂಟಿನ ಇನ್ನೊಂದು ಬ್ಲಾಕಿನ ಮೇಲೆ ಮೊಬೈಲ್ ಟವರ್ ಇದೆ. ಹಗಲೂ ರಾತ್ರಿ ಸಿಗ್ನಲ್ ಬಿಡುತ್ತೆ, ತಿಂಗಳಾದರೆ ಅಸೋಸಿಯೇಷನ್ ಖಾತೆಗೆ ಬಾಡಿಗೆ ಹಾಕುತ್ತೆ. ಟವರಿನ ಮೇಲೆ ನನಗೇನೂ ದೂರಿಲ್ಲ, ಅದೂ ಬೇಕು. ಬಾಡಿಗೆ ಕೊಡುವ ರೇಡಿಯೇಷನ್ ಒಳ್ಳೇದು, ಕೊಡದ ರೇಡಿಯೇಷನ್ ಮಕ್ಕಳಿಗೆ ಕೆಟ್ಟದ್ದು ಅನ್ನುವ ಭೌತಶಾಸ್ತ್ರದ ಮೇಲೆ ಮಾತ್ರ ನನ್ನ ದೂರು.

ಗೊತ್ತಿಲ್ಲದವರಿಗೆ ಎರಡು ಮಾತು. ಹ್ಯಾಮ್ ರೇಡಿಯೋ ಅಂದ್ರೆ ಹವ್ಯಾಸಕ್ಕಾಗಿ ನಡೆಸುವ ವೈರ್‌ಲೆಸ್ ಕೇಂದ್ರ. ಅದಕ್ಕೊಂದು ಪರೀಕ್ಷೆ ಇದೆ. 12 ವರ್ಷ ತುಂಬಿದ ಯಾರು ಬೇಕಾದರೂ ಬರೀಬಹುದು. ಒಂದಿಷ್ಟು ಎಲೆಕ್ಟ್ರಾನಿಕ್ಸ್, ಒಂದಿಷ್ಟು ನಿಯಮ. ಮೊದಲ ದರ್ಜೆಗೆ ಮೋರ್ಸ್ ಕೂಡ ಬೇಕಿಲ್ಲ. ಪಾಸಾಗಿ ಲೈಸೆನ್ಸ್ ಬಂದರೆ 'ವಿಯು' ಅಂತ ಶುರುವಾಗುವ ಒಂದು ಕಾಲ್‌ಸೈನ್ ಸಿಗುತ್ತೆ. ಭೂಮಿ ಮೇಲೆ ಆ ಹೆಸರು ಇನ್ನೊಬ್ಬರಿಗಿರಲ್ಲ. ಅದರಲ್ಲಿ ವ್ಯಾಪಾರ ಮಾಡೋ ಹಾಗಿಲ್ಲ, ಗುಟ್ಟಿನ ಭಾಷೆಯಲ್ಲಿ ಮಾತಾಡೋ ಹಾಗಿಲ್ಲ. ಹೇಳಿದ್ದೆಲ್ಲ ಎಲ್ಲರಿಗೂ ಕೇಳಬೇಕು.

ಇಷ್ಟು ಹೇಳಿದ ಕೂಡಲೇ ಆಫೀಸಿನಲ್ಲಿ ಬರುವ ಪ್ರಶ್ನೆ ಒಂದೇ. "ವಾಟ್ಸಾಪ್ ಇರುವಾಗ ಇದ್ಯಾಕೆ ಗುರು?"

ನಾವು ಹ್ಯಾಮ್‌ಗಳು ಇದಕ್ಕೆ ಒಂದು ಸಿದ್ಧ ಉತ್ತರ ಇಟ್ಟುಕೊಂಡಿದ್ದೀವಿ: ಪ್ರವಾಹ ಬಂದಾಗ, ಭೂಕಂಪ ಆದಾಗ ಮೊಬೈಲ್ ಸಾಯುತ್ತೆ, ಆಗ ನಾವು ಬರ್ತೀವಿ. ಸುಳ್ಳಲ್ಲ. ಆದರೆ ಈ ಉತ್ತರ ಕೇಳಿ ಕೇಳಿ ನನಗೇ ಸಾಕಾಗಿದೆ. ಯಾಕಂದ್ರೆ ಇದು ಅರ್ಧ ಉತ್ತರ. ಉಳಿದರ್ಧ ಹೇಳದೇ ಇರೋದರಿಂದಲೇ ಜನ ನಮ್ಮನ್ನ ಫೈರ್ ಎಂಜಿನ್ ಥರ ನೋಡ್ತಾರೆ: ಬೆಂಕಿ ಬಿದ್ದಾಗ ಬನ್ನಿ, ಮಿಕ್ಕಂತೆ ಗಾಡಿ ನಮ್ಮ ಗೇಟಿನ ಮುಂದೆ ನಿಲ್ಲಿಸಬೇಡಿ.

ನಾವು ಯಾವಾಗಲೂ ಕೊಡುವ ಉದಾಹರಣೆಯನ್ನೇ ತಗೊಳ್ಳಿ. 2004ರ ಡಿಸೆಂಬರ್ 26ರ ಸುನಾಮಿ. ಅಂಡಮಾನಿನಲ್ಲಿ ಫೋನ್ ಸತ್ತಾಗ ಪೋರ್ಟ್ ಬ್ಲೇರ್‌ನಿಂದ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದವರಲ್ಲಿ ಭಾರತಿ ಪ್ರಸಾದ್ ಮತ್ತವರ ಹ್ಯಾಮ್ ತಂಡ ಪ್ರಮುಖರು. ಅವರು ಅಲ್ಲಿಗೆ ಹೋಗಿದ್ದಾದರೂ ಯಾಕೆ? ರಕ್ಷಣಾ ಕಾರ್ಯಕ್ಕಲ್ಲ. ಅಂಡಮಾನಿನಿಂದ ಹ್ಯಾಮ್ ರೇಡಿಯೋ ಕೇಳಿ ವರ್ಷಗಳೇ ಆಗಿದ್ದವು. ಅಲ್ಲಿಂದ ಮಾತಾಡಿದರೆ ಜಗತ್ತಿನ ಹ್ಯಾಮ್‌ಗಳಿಗೆಲ್ಲ ಹಬ್ಬ. ಅದಕ್ಕೇ ಅನುಮತಿ ತಗೊಂಡು ಆಂಟೆನಾ ಕಟ್ಟಿ ಕೂತಿದ್ದರು. ಅಂದ್ರೆ ಆಟ ಆಡೋಕೆ ಹೋಗಿದ್ದರು! ನೆಲ ನಡುಗಿದಾಗ ಆಟದ ಸಾಮಾನೇ ಕೆಲಸಕ್ಕೆ ಬಂತು. ಆವತ್ತು ಯಾರಾದರೂ 'ಇದೆಲ್ಲ ಯಾಕೆ, ಇಮೇಲ್ ಇದೆಯಲ್ಲ' ಅಂತ ಅವರನ್ನ ಮನೇಲಿ ಕೂರಿಸಿದ್ದರೆ?

ಆಟ ಬೇರೆ, ಸೇವೆ ಬೇರೆ ಅಲ್ಲ ಅಂತ ನಾನು ವಾದಿಸ್ತಿರೋದು ಇದಕ್ಕೇ. ಬೆಂಗಳೂರಿನಲ್ಲೇ ನೋಡಿ. 2005ರ ಮೇ 5ರಂದು ಇಸ್ರೋ ಪಿಎಸ್‌ಎಲ್‌ವಿ ಮೇಲೆ ಹ್ಯಾಮ್‌ಸ್ಯಾಟ್ ಅಂತ ಒಂದು ಪುಟ್ಟ ಉಪಗ್ರಹ ಹಾರಿಸಿತು. 42.5 ಕೆಜಿ, ಹವ್ಯಾಸಿಗಳಿಗಾಗಿಯೇ. ಅದರಲ್ಲಿದ್ದ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದನ್ನ ಮಾಡಿದ್ದು ಡಚ್ ವಿದ್ಯಾರ್ಥಿಯೊಬ್ಬ, ಅವನೂ ಹ್ಯಾಮ್. 2014ರವರೆಗೆ ಕೆಲಸ ಮಾಡಿತು. ಉಪಗ್ರಹ ಅಂದ್ರೇನು ಅಂತ ಟೆರೇಸಿನ ಮೇಲೆ ಕೈಯಲ್ಲಿ ಆಂಟೆನಾ ಹಿಡಿದು ಕಲಿತವರು ಎಷ್ಟೋ ಜನ. ಯಾವ ಕೋರ್ಸಿನ ಫೀಸೂ ಇಲ್ಲ, ಸರ್ಟಿಫಿಕೇಟೂ ಇಲ್ಲ.

ನಮ್ಮ ಕ್ಲಬ್ಬು ಅಂಥ ದೊಡ್ಡದೇನಲ್ಲ. ಭಾನುವಾರ ಬೆಳಿಗ್ಗೆ ಎಂಟಕ್ಕೆ ರಿಪೀಟರ್ ಮೇಲೆ 'ನೆಟ್' ಅಂತ ನಡೆಯುತ್ತೆ. ಹಾಜರಿ ಕರೆಯೋದು, ಅಷ್ಟೇ. ಒಬ್ಬರು ಕಾಲ್‌ಸೈನ್ ಕೂಗ್ತಾರೆ, ನೀವು ಓಗೊಡ್ತೀರಿ, ಸಿಗ್ನಲ್ ಹೇಗೆ ಬರ್ತಿದೆ ಅಂತ ವರದಿ, ನಿಮ್ಮ ಕಡೆ ಮಳೆ ಬಂತಾ, ಹೊಸ ಕೇಬಲ್ ಹಾಕಿದ್ರಾ, ಬ್ಯಾಟರಿ ಎಷ್ಟು ಹೊತ್ತು ಬರ್ತಿದೆ. ಹೊರಗಿನವರಿಗೆ ಮಹಾ ಬೋರು. ಅಲ್ಲಿ ರಿಟೈರ್ ಆದ ಪಾಲಿಟೆಕ್ನಿಕ್ ಮೇಷ್ಟ್ರಿದ್ದಾರೆ, ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ, ಬಿಎಸ್ಸಿ ಓದೋ ಹುಡುಗಿ ಇದ್ದಾಳೆ, ಕಣ್ಣು ಕಾಣದ ಬ್ಯಾಂಕ್ ನೌಕರರೊಬ್ಬರಿದ್ದಾರೆ. ಅವರಿಗೆ ಕಣ್ಣು ಕಾಣಲ್ಲ ಅಂತ ನನಗೆ ಗೊತ್ತಾಗಿದ್ದು ಆರು ತಿಂಗಳು ಮಾತಾಡಿದ ಮೇಲೆ, ಮುಖಾಮುಖಿ ಸಿಕ್ಕಾಗ. ಗಾಳಿಯಲ್ಲಿ ಯಾರ ಸಂಬಳ ಎಷ್ಟು, ಯಾರ ಮನೆ ಎಲ್ಲಿ, ಯಾರ ಜಾತಿ ಯಾವುದು ಅಂತ ಯಾರೂ ಕೇಳಲ್ಲ. ಈ ಊರಿನಲ್ಲಿ ನನ್ನ ಆಫೀಸಿನವರಲ್ಲದ, ನನ್ನ ಬಿಲ್ಡಿಂಗಿನವರಲ್ಲದ ಜನ ನನಗೆ ಸಿಕ್ಕಿರೋ ಜಾಗ ಅದೊಂದೇ. ನಿಮಗೆ ಅಂಥದ್ದು ಎಷ್ಟಿದೆ, ಒಮ್ಮೆ ಲೆಕ್ಕ ಹಾಕಿ.

ಈಗ ನನ್ನ ತಪ್ಪಿಗೆ ಬರ್ತೀನಿ.

2022ರ ಸೆಪ್ಟೆಂಬರ್ ಮೊದಲ ವಾರ ನಿಮಗೆ ನೆನಪಿರಬೇಕು. ಔಟರ್ ರಿಂಗ್ ರೋಡ್, ಸರ್ಜಾಪುರ ರೋಡ್ ಕಡೆಯೆಲ್ಲ ನೀರು. ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಹೋದ ಫೋಟೊ ದೇಶಕ್ಕೆಲ್ಲ ಹಂಚಿಹೋಯ್ತು. ನಮ್ಮ ಬಿಲ್ಡಿಂಗಿನ ಬೇಸ್‌ಮೆಂಟೂ ಮುಳುಗಿತು. ಜನರೇಟರ್ ಇದ್ದಿದ್ದೇ ಅಲ್ಲಿ. ಕರೆಂಟ್ ಇಲ್ಲ, ಲಿಫ್ಟ್ ಇಲ್ಲ, ನೀರಿನ ಮೋಟಾರ್ ಇಲ್ಲ. ಬಾಡಿಗೆ ಕೊಡುವ ಟವರ್ ಕೂಡ ಸಂಜೆ ಹೊತ್ತಿಗೆ ಸುಮ್ಮನಾಯ್ತು. ಸಿಗ್ನಲ್ ಹುಡುಕಿ ಹುಡುಕಿಯೇ ಅರ್ಧ ಜನರ ಫೋನಿನ ಚಾರ್ಜ್ ಮುಗಿದಿತ್ತು.

ನಾನು ಐದು ವ್ಯಾಟಿನ ಹ್ಯಾಂಡ್‌ಸೆಟ್ ಹಿಡಿದು ಟೆರೇಸಿಗೆ ಓಡಿದೆ. ರಿಪೀಟರ್ ಜೀವಂತ ಇತ್ತು, ಅದಕ್ಕೆ ಕ್ಲಬ್ಬಿನವರೇ ಚಂದಾ ಎತ್ತಿ ಹಾಕಿದ ಬ್ಯಾಟರಿ ಇದೆ. ಎಲ್ಲರ ಮಾತೂ ಚೆನ್ನಾಗಿ ಕೇಳಿಸ್ತಿದೆ. ಆದರೆ ನಾನು ಕರೆದರೆ ಯಾರೂ ಓಗೊಡ್ತಿಲ್ಲ. ಹತ್ತು ಸಲ ಕರೆದೆ. ಬ್ಯಾಟರಿ ಒಂದೇ ಗೆರೆ ತೋರಿಸ್ತಿತ್ತು, ಚಾರ್ಜ್ ಮಾಡಿ ತಿಂಗಳುಗಳಾಗಿದ್ದವು. ಆಮೇಲೆ ಗೊತ್ತಾಯ್ತು: ರಿಪೀಟರ್ ಬಾಗಿಲು ತೆರೆಯಬೇಕಾದರೆ ಮಾತಿನ ಜತೆ ಕಿವಿಗೆ ಕೇಳಿಸದ ಒಂದು ಟೋನ್ ಕಳಿಸಬೇಕು. ಜುಲೈನಲ್ಲಿ ಆ ಟೋನ್ ಬದಲಾಯಿಸಿದ್ದರು. ಭಾನುವಾರದ ನೆಟ್‌ನಲ್ಲಿ ಮೂರು ವಾರ ಹೇಳಿದ್ದರಂತೆ. ನಾನು ನಾಲ್ಕು ತಿಂಗಳಿಂದ ನೆಟ್ ಕಡೆ ತಲೆ ಹಾಕಿರಲಿಲ್ಲ. ಭಾನುವಾರ ಎಂಟಕ್ಕೆ ಯಾರು ಏಳ್ತಾರೆ?

ನನ್ನನ್ನ ಉಳಿಸಿದ್ದು ಮೇಷ್ಟ್ರು. ರಿಪೀಟರ್ ನಮ್ಮ ಮಾತನ್ನ ಕೇಳಿಸಿಕೊಳ್ಳೋದು ಒಂದು ಫ್ರೀಕ್ವೆನ್ಸಿಯಲ್ಲಿ, ಹೊರಗೆ ಬಿಡೋದು 600 ಕಿಲೋಹರ್ಟ್ಸ್ ಆಚೆಯ ಇನ್ನೊಂದರಲ್ಲಿ. ನನ್ನಂಥ ಪೆದ್ದರು ಇರ್ತಾರೆ ಅಂತ ಅವರಿಗೆ ಗೊತ್ತು. ಅದಕ್ಕೇ ಆಗಾಗ ಮೊದಲನೇದಕ್ಕೂ ಕಿವಿ ಕೊಡ್ತಿದ್ದರು. ಅಲ್ಲಿ ಕ್ಷೀಣವಾಗಿ ನನ್ನ ದನಿ ಸಿಕ್ಕಿತು. "ಟೋನ್ ಬದಲಾಗಿದೆಯಪ್ಪ, ಬರ್ಕೊಳ್ಳಿ" ಅಂದರು. ಅಷ್ಟೇ. ಎಲ್ಲಿ ಹೋಗಿದ್ದಿರಿ ಇಷ್ಟು ದಿನ ಅಂತ ಕೇಳಲಿಲ್ಲ.

ಮೂರನೇ ಮಹಡಿಯ ಅಜ್ಜಿಯ ಇನ್ಸುಲಿನ್ ಮಾರನೇ ಬೆಳಿಗ್ಗೆಗೆ ಮುಗಿಯೋದರಲ್ಲಿತ್ತು. ಅವರ ಮಗ ಇರೋದು ರಾಜಾಜಿನಗರದಲ್ಲಿ. ಔಷಧಿ ಹೆಸರು, ಮಗನ ನಂಬರು ಒಂದೊಂದೇ ಅಂಕಿ ಬಿಡಿಸಿ ಹೇಳಿದೆ. ಮೇಷ್ಟ್ರು ಬರೆದುಕೊಂಡು ಪೂರ್ತಿ ತಿರುಗಿ ಓದಿ ಹೇಳಿದರು. ನಾನು ಒಂದು ಅಂಕಿ ತಪ್ಪು ಹೇಳಿದ್ದೆ, ಸರಿಪಡಿಸಿದೆ. ಇನ್ನೂ ನಾಲ್ಕು ಮನೆಯ ಸುದ್ದಿ ಹೇಳುವಷ್ಟರಲ್ಲಿ ಸೆಟ್ ಆರಿಹೋಯ್ತು. ಏಳು ಮನೆಯವರು ಚೀಟಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಅವರಿಗೆ ನಾನು ಬ್ಯಾಟರಿ ಇಲ್ಲ ಅಂದೆ. ಬೆಳಿಗ್ಗೆ ಅಜ್ಜಿಯ ಮಗ ಟ್ರ್ಯಾಕ್ಟರಿನಲ್ಲಿ ಬಂದರು. ಆದರೆ ಆ ಏಳು ಚೀಟಿಗಳು ನನಗೆ ಮರೆತಿಲ್ಲ.

ಇದು ಹ್ಯಾಮ್ ರೇಡಿಯೋ ಗೆದ್ದ ಕಥೆ ಅಂತ ನೀವು ಅಂದುಕೊಂಡರೆ ತಪ್ಪು. ಲೈಸೆನ್ಸ್ ಇತ್ತು, ಸೆಟ್ ಇತ್ತು, ಲಿಂಕ್ಡ್‌ಇನ್ ಪ್ರೊಫೈಲ್‌ನಲ್ಲಿ ಕಾಲ್‌ಸೈನ್ ಕೂಡ ಇತ್ತು. ಇಲ್ಲದೇ ಇದ್ದಿದ್ದು ಭಾನುವಾರದ ಹಾಜರಿ. ನಮ್ಮ ತಲೆಮಾರಿನ ರೋಗವೇ ಇದು. ನಮಗೆ ಎಲ್ಲದಕ್ಕೂ ಗಿರಾಕಿಯಾಗಿ ಗೊತ್ತು, ಸದಸ್ಯರಾಗಿ ಗೊತ್ತಿಲ್ಲ. ದುಡ್ಡು ಕೊಟ್ಟು ಒಂದು ವೀಕೆಂಡ್ ವರ್ಕ್‌ಶಾಪ್ ಮಾಡ್ತೀವಿ, ಫೋಟೊ ಹಾಕ್ತೀವಿ, ಮುಂದಿನ ವೀಕೆಂಡ್ ಇನ್ನೊಂದು. ವಾಸ ಮಾಡೋ ಬಿಲ್ಡಿಂಗಿಗೆ 'ಕಮ್ಯುನಿಟಿ' ಅಂತ ಹೆಸರಿಟ್ಟಿದ್ದೀವಿ, ಎದುರು ಮನೆಯವರ ಹೆಸರು ಗೊತ್ತಿಲ್ಲ. ಕ್ಲಬ್ಬು ಅನ್ನೋದು ಬೋರಾದರೂ ಹೋಗೋ ಜಾಗ. ಹೋಗ್ತಾ ಇದ್ದರೆ ಮಾತ್ರ ಅದು ಇರುತ್ತೆ.

ಹಿರಿಯ ಹ್ಯಾಮ್‌ಗಳಿಗೂ ಒಂದು ಮಾತು. ಹೊಸಬರು ಬರಲ್ಲ ಅಂತ ಗೋಳಾಡ್ತೀರಿ. ಬಂದ ಹುಡುಗ ಒಂದು ಪದ ತಪ್ಪಿದರೆ ಗಾಳಿಯಲ್ಲೇ ಪಾಠ ತಗೋತೀರಿ. ಮೋರ್ಸ್ ಬಾರದವನು ಹ್ಯಾಮೇ ಅಲ್ಲ ಅಂತೀರಿ. ಒಬ್ಬ ಹುಡುಗಿ ಮಾತಾಡಿದರೆ ಹತ್ತು ಜನ ಒಟ್ಟಿಗೆ ಓಗೊಡ್ತೀರಿ, ಅವಳು ಮುಂದಿನ ವಾರ ಬರಲ್ಲ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಇಂಗ್ಲಿಷ್‌ನಲ್ಲಿ ಉತ್ತರ ಬರುತ್ತೆ. ಇದೆಲ್ಲ ನಿಲ್ಲದೇ ಯುವಜನರನ್ನ ಬೈದು ಪ್ರಯೋಜನ ಇಲ್ಲ. ಎಲ್ಲರೂ ಮೇಷ್ಟ್ರ ಥರ ಇದ್ದರೆ ನಾನು ಈ ಪ್ಯಾರಾ ಬರೆಯುತ್ತಿರಲಿಲ್ಲ.

ಅಸೋಸಿಯೇಷನ್‌ಗಳಿಗೆ ಕೇಳೋದು ಬಹಳ ಕಡಿಮೆ. ಟೆರೇಸಿನಲ್ಲಿ ಒಂದು ತಂತಿಗೆ ಜಾಗ, ಒಂದು ಬ್ಯಾಟರಿ ಇಡೋಕೆ ಬೇಸ್‌ಮೆಂಟಲ್ಲದ ಒಂದು ಮೂಲೆ. ಭಯ ಇದ್ದರೆ ಲೈಸೆನ್ಸ್ ಕೇಳಿ ನೋಡಿ, ಸೆಟ್ ನೋಡಿ, ಮಕ್ಕಳನ್ನ ಕರ್ಕೊಂಡು ಬನ್ನಿ.

ಇನ್ನು ನೀವು. ದಯವಿಟ್ಟು ಆನ್‌ಲೈನ್‌ನಲ್ಲಿ ಸಿಗುತ್ತೆ ಅಂತ ಚೀನಾ ಸೆಟ್ ತರಿಸಬೇಡಿ, ಲೈಸೆನ್ಸ್ ಇಲ್ಲದೇ ಅದನ್ನ ಬಳಸೋದು ಕಾನೂನಿಗೆ ವಿರುದ್ಧ. ಮೊದಲು ಹತ್ತಿರದ ಕ್ಲಬ್ಬಿಗೆ ಹೋಗಿ, ಹೋಗಿ ಕೂರೋಕೆ ಯಾವ ಲೈಸೆನ್ಸೂ ಬೇಡ. ಬೋರಾಗುತ್ತೆ. ಮುಂದಿನ ಭಾನುವಾರವೂ ಹೋಗಿ.

ನನ್ನ ತಂತಿಯ ಅರ್ಜಿ ಮುಂದಿನ ಜನರಲ್ ಬಾಡಿ ಮೀಟಿಂಗಿನ ಪಟ್ಟಿಯಲ್ಲಿದೆ, ಈಜುಕೊಳದ ಟೈಲ್ಸ್ ಆದಮೇಲೆ. ಮೂರನೇ ಮಹಡಿಯ ಅಜ್ಜಿ ತಾನೂ ಮೀಟಿಂಗಿಗೆ ಬರ್ತೀನಿ ಅಂದಿದ್ದಾರೆ.