ಮುಚ್ಚಿಟ್ಟ ನೋವು



ಈ ಸಲ ನಾವು ಹೇಳಹೊರಟಿರುವ ವಿಷಯವು ನಾಲ್ವರೆದುರು ಆಡುವಂಥದಲ್ಲ. ಆದರೆ ಆಡದಿರುವುದರಿಂದಲೇ ಅನೇಕರು ತಿಂಗಳುಗಟ್ಟಲೆ ನರಳುತ್ತಾರೆ. ನಾವೂ ಹಾಗೆಯೇ ನರಳಿದೆವು.

ಮಲವಿಸರ್ಜನೆಯ ವೇಳೆ ಕೊಯ್ದಂತಹ ನೋವು, ಬಳಿಕ ಗಂಟೆಗಟ್ಟಲೆ ಉರಿ, ಒಂದೆರಡು ಹನಿ ರಕ್ತ. ಮೂಲವ್ಯಾಧಿಯೆಂದೇ ಭಾವಿಸಿ, ಯಾರಿಗೂ ತಿಳಿಸದೆ ಸಿಕ್ಕ ಮುಲಾಮು ಹಚ್ಚಿಕೊಂಡೆವು. ನೋವಿಗೆ ಅಂಜಿ ಊಟ ಕಡಿಮೆ ಮಾಡಿದೆವು. ಮಲವು ಇನ್ನಷ್ಟು ಗಟ್ಟಿಯಾಯಿತು. ಇದಕ್ಕೂ ಮಿಗಿಲಾಗಿ, ರಕ್ತ ಸ್ರವಿಸುವ ದೇಹದಿಂದ ಇಷ್ಟಲಿಂಗ ಪೂಜೆ ಸಲ್ಲದೇನೋ ಎಂಬ ಅಳುಕು ಹೊಕ್ಕಿತು. ಲಿಂಗಧಾರಿಗೆ ಪಂಚಸೂತಕಗಳಿಲ್ಲವೆಂದು ಜೀವಮಾನವೆಲ್ಲ ಪ್ರವಚನ ಮಾಡಿದ ನಾವೇ ನಾಲ್ಕು ದಿನ ಪೂಜೆಗೆ ಕೂರಲಿಲ್ಲ. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಕೊನೆಗೆ ಪರೀಕ್ಷಿಸಿದ ಶಸ್ತ್ರವೈದ್ಯರು, ಇದು ಮೂಲವ್ಯಾಧಿಯಲ್ಲ, ಗುದದ್ವಾರದ ಒಳಪೊರೆಯಲ್ಲಿ ಬಿದ್ದ ಸೀಳು, ಫಿಶರ್ ಎಂದರು. ಹೊಸ ಸೀಳು ಬಹುಪಾಲು ಜನರಲ್ಲಿ ನಾರಿನ ಆಹಾರ, ಸಾಕಷ್ಟು ನೀರು, ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು, ಇಷ್ಟರಿಂದಲೇ ಮಾಯುತ್ತದೆ. 6ರಿಂದ 8 ವಾರ ಕಳೆದರೂ ಮಾಯದಿದ್ದರೆ ಡಿಲ್ಟಿಯಾಜೆಮ್‌ನಂತಹ ಮುಲಾಮು ಕೊಡುತ್ತಾರೆ. ಅದಕ್ಕೂ ಬಗ್ಗದಿದ್ದಾಗ ಶಸ್ತ್ರಚಿಕಿತ್ಸೆ. ನಮಗೆ ಅದೇ ಬೇಕಾಯಿತು.

ನೋವಿನಿಂದ ಗುದದ ಒಳಸ್ನಾಯು ಬಿಗಿಯುತ್ತದೆ. ಆ ಬಿಗಿತದಿಂದ ಸೀಳಿಗೆ ರಕ್ತ ಸಾಲದೆ ಗಾಯ ಮಾಯುವುದಿಲ್ಲ. ಆ ಸ್ನಾಯುವಿನ ಸ್ವಲ್ಪ ಭಾಗವನ್ನು ಒಂದು ಪಕ್ಕದಲ್ಲಿ ಕೊಯ್ದು ಬಿಗಿತವನ್ನು ಸಡಿಲಿಸುತ್ತಾರೆ. 100ರಲ್ಲಿ 90ಕ್ಕೂ ಹೆಚ್ಚು ಮಂದಿಗೆ ಗುಣವಾಗುತ್ತದೆ. ಕೆಲವರಿಗೆ ಅಪಾನವಾಯುವಿನ ಮೇಲಿನ ಹಿಡಿತ ಸಡಿಲಾಗುವುದುಂಟು. ಸಾಮಾನ್ಯವಾಗಿ ಅದು ತಾತ್ಕಾಲಿಕ, ಅಪರೂಪಕ್ಕೆ ಉಳಿದುಬಿಡುತ್ತದೆ. ಆದುದರಿಂದ ಹೆರಿಗೆಯಲ್ಲಿ ಪೆಟ್ಟಾಗಿರುವ ತಾಯಂದಿರು ಅದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಮರುದಿನವೇ ನಮ್ಮನ್ನು ಕಳುಹಿಸಿದರು. ಅಂದು ಸಂಜೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಕುಳಿತು ಪೂಜೆ ಮಾಡಿದೆವು. ದಿನಕ್ಕೆ 2-3 ಸಲ 10-15 ನಿಮಿಷ ಬೆಚ್ಚನೆಯ ನೀರಿನಲ್ಲಿ ಕೂತೆವು. ರಾತ್ರಿ ಇಸಬ್ಗೋಲನ್ನು ಧಾರಾಳ ನೀರಿನೊಡನೆ ಸೇವಿಸಿದೆವು. ಜೋಳದ ರೊಟ್ಟಿ, ಸೊಪ್ಪು, ಕಾಳುಪಲ್ಯ ಸಾಕಾಯಿತು; ಕೆಂಪು ಖಾರದ ಚಟ್ನಿಯನ್ನು ಮಾತ್ರ ದೂರವಿಟ್ಟೆವು. ವಾರದೊಳಗೆ ಹಳೆಯ ನೋವು ಬಹಳ ಇಳಿಯಿತು; ಗಾಯ ಪೂರ್ತಿ ಮಾಯಲು 6 ವಾರ ಹಿಡಿಯಿತು.

ಒಂದು ಎಚ್ಚರಿಕೆ. ಬೀಳುವ ರಕ್ತವೆಲ್ಲ ಸೀಳಿನದೇ ಆಗಿರಬೇಕಿಲ್ಲ. ನಲವತ್ತು ದಾಟಿದವರು, ತೂಕ ಇಳಿದವರು, ಮಲದ ರೂಢಿ ಬದಲಾದವರು ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕರುಳಿನ ಕ್ಯಾನ್ಸರಿನ ಸಂಶಯವನ್ನು ಬೇಗ ನಿವಾರಿಸಿಕೊಳ್ಳುವುದು ಒಳಿತು.

ಮನೆಯ ಹಿರಿಯರು ಕಾರಣವಿಲ್ಲದೆ ಊಟ ಬಿಡುತ್ತಿದ್ದರೆ, ಕೂರಲು ಹಿಂಜರಿಯುತ್ತಿದ್ದರೆ, ಮಕ್ಕಳು ಸೊಸೆಯಂದಿರು ಮೆಲ್ಲಗೆ ವಿಚಾರಿಸಿರಿ. ಅವರು ತಾವಾಗಿ ಹೇಳಲಾರರು. ನಾವೂ ಹೇಳಿರಲಿಲ್ಲ.