ಚರ್ಚಿನ ಮಾನ ಆಮೇಲೆ, ಮೊದಲು ಮಕ್ಕಳು

"ಸಭೆಯ ಮಾನ ಹೋಗುತ್ತೆ, ಒಳಗೇ ಬಗೆಹರಿಸ್ಕೊಳ್ಳೋಣ" ಅನ್ನೋ ಹಿರಿಯರೇ, ಯಾರ ಮಾನ?

ಕೇರಳದ ಕೊಟ್ಟಿಯೂರು ನೆನಪಿದೆಯಾ? ಇನ್ನೂ 18 ತುಂಬದ ಹುಡುಗಿ ಹೆತ್ತಳು. ಪಾದ್ರಿ ಬಚಾವಾಗಲಿ ಅಂತ ಮೊದಲು ಆ ಪಾಪವನ್ನ ತನ್ನ ತಲೆಮೇಲೆ ಹೊತ್ತವನು ಅವಳ ಹೆತ್ತಪ್ಪ! ಒಬ್ಬ ಅಪ್ಪನ ಬಾಯಿಂದ ಆ ಮಾತು ಹೊರಡಿಸೋ ಅಧಿಕಾರ ಎಂಥದ್ದು, ಯೋಚನೆ ಮಾಡಿ. ಕೋರ್ಟಲ್ಲಿ ಮನೆಯವರೂ ತಿರುಗಿಬಿದ್ದರು, ಕೇಸ್ ನಿಂತಿದ್ದು ಡಿಎನ್‌ಎ ಮೇಲೆ. 2019ರಲ್ಲಿ 20 ವರ್ಷ ಶಿಕ್ಷೆ ಆಯ್ತು (ಹೈಕೋರ್ಟು ಆಮೇಲೆ 10ಕ್ಕೆ ಇಳಿಸಿತು, ಇರಲಿ).

ಪೋಕ್ಸೊ 19ನೇ ಸೆಕ್ಷನ್ ಪ್ರಕಾರ ಗೊತ್ತಿದ್ದವರು ಪೊಲೀಸರಿಗೆ ಹೇಳಲೇಬೇಕು. ಬಿಷಪ್ಪರಿಗೆ ಅರ್ಜಿ ಕೊಟ್ಟು ಕೈ ತೊಳ್ಕೊಳ್ಳೋ ಹಾಗಿಲ್ಲ. ಕೈಕೆಳಗಿನವರ ಅಪರಾಧ ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲು. ವರ್ಗಾವಣೆ ಶಿಕ್ಷೆ ಅಲ್ಲ ಸ್ವಾಮಿ, ಮುಂದಿನ ಊರಿನ ಮಕ್ಕಳನ್ನ ಅವನ ಕೈಗೆ ಕೊಡೋದು.

ಹಾಸ್ಟೆಲ್ ಸೇರೋರು ನಮ್ಮ ಕೇರಿ ಮಕ್ಕಳೇ. ಪಾದ್ರಿಮನೆ ಅಡುಗೆಯಾಕೆ, ಅನಾಥಾಶ್ರಮದ ಅಜ್ಜಿಗೆ 18 ದಾಟಿದೆ, ಪೋಕ್ಸೊ ಇಲ್ಲ. 1950ರ ಆದೇಶದಿಂದ ಕ್ರೈಸ್ತ ದಲಿತರು ಎಸ್ಸಿ ಪಟ್ಟಿಯಲ್ಲೇ ಇಲ್ಲ, ಹಾಗಾಗಿ ಅಟ್ರಾಸಿಟಿ ಕಾಯ್ದೆಯೂ ಇಲ್ಲ. ಅವರು ಯಾರ ಬಾಗಿಲು ಬಡೀಬೇಕು?

ಇದನ್ನ ಎತ್ತಿದ್ರೆ ಸಂಘಿಗಳ ಕೈಗೆ ಕೋಲು ಕೊಟ್ಟಂಗೆ ಅಂತೀರಾ? 2008ರಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿ ಆದಾಗ ಖಂಡಿಸಿದವರು ನಾವೇ. ಕೋಲು ಕೊಡ್ತಿರೋದು ಮುಚ್ಚಿಡೋರು.

ಬರೋ ಭಾನುವಾರ ಪೂಜೆ ಮುಗಿದ ಮೇಲೆ ಎದ್ದು ಕೇಳಿ. ಹಾಸ್ಟೆಲ್ ಗೋಡೆ ಮೇಲೆ 1098 ಬರೆದಿದೆಯಾ? ದೂರು ಕೇಳೋ ಸಮಿತಿಯಲ್ಲಿ ನಮ್ಮ ಕೇರಿಯ ಹೆಣ್ಣುಮಗಳು ಒಬ್ಬಳಾದರೂ ಇದ್ದಾಳಾ?

ಜೈ ಭೀಮ್.